ಅನ್ನ ಬಿಟ್ಟು ಏರು ಹತ್ತಬೇಡಿ

ಪ್ರಶ್ನೆ: ನನಗೆ 42 ವರ್ಷ, ಊರು ಮಡಿಕೇರಿ. ತೂಕ ಇಳಿಸಲು ಒಂದು ತಿಂಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ನಡೆಯುತ್ತಿದ್ದೇನೆ. ಅನ್ನ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು), ಅಕ್ಕಿ ರೊಟ್ಟಿ ಎಲ್ಲ ಬಿಟ್ಟಿದ್ದೇನೆ. ಈಗ ಸುಸ್ತು, ತಲೆಸುತ್ತು. ತೂಕ ಮಾತ್ರ ಇಳಿದಿಲ್ಲ. ಇನ್ನೇನು ಬಿಡಬೇಕು?

ಉತ್ತರ: ಏನನ್ನೂ ಬಿಡಬೇಡಿ. ಬಿಟ್ಟಿದ್ದನ್ನು ಮೊದಲು ತಟ್ಟೆಗೆ ವಾಪಸ್ ತನ್ನಿ. ವ್ಯಾಯಾಮ ಶುರು ಮಾಡಿದ ದಿನವೇ ಊಟಕ್ಕೂ ಕತ್ತರಿ ಹಾಕುವವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ತೋಟದಲ್ಲಿ ಕೆಲಸ ಹೆಚ್ಚಿಸಿ ಕೂಲಿ ಇಳಿಸಿದ ಹಾಗೆ ಇದು. ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಬೆಳಿಗ್ಗೆ ಉಪವಾಸ ಇದ್ದವರು ಹನ್ನೊಂದು ಗಂಟೆಗೆ ತಡೆಯಲಾರದೆ ಬಾಳೆಕಾಯಿ ಚಿಪ್ಸ್ ಪೊಟ್ಟಣ ಬಿಚ್ಚುತ್ತಾರೆ, ಮೇಲೊಂದು ಬೆಲ್ಲದ ಕಾಫಿ. ನಡೆದು ಕಳೆದದ್ದೆಲ್ಲ ಅಲ್ಲೇ ವಾಪಸ್ ಬರುತ್ತದೆ.

ಆರು ಕಡಂಬುಟ್ಟು ತಿನ್ನುತ್ತಿದ್ದರೆ ಮೂರು ತಿನ್ನಿ. ಉಳಿದ ಜಾಗಕ್ಕೆ ಕಾಳು, ಸೊಪ್ಪು, ಮಳೆಗಾಲದಲ್ಲಾದರೆ ಕಣಿಲೆ (ಎಳೆ ಬಿದಿರು) ಪಲ್ಯ. ಪಂದಿ ಕರಿ (ಹಂದಿ ಮಾಂಸದ ಸಾರು) ಬಿಡಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಕೊಬ್ಬಿನ ತುಂಡು ಬದಿಗಿಟ್ಟು ತಿನ್ನಿ, ದಿನಾ ಬೇಡ. 65 ಕೆಜಿ ತೂಕದವರಿಗೆ ದಿನಕ್ಕೆ 50 ಗ್ರಾಂ ದಾಟಿಯೇ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಹಾಗಾಗಿ ಮೂರು ಹೊತ್ತೂ ಮೊಟ್ಟೆ, ಮೀನು, ಬೇಳೆ, ಮೊಸರು ಯಾವುದಾದರೂ ಇರಲೇಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ. ನೀವು ಅದನ್ನು ಈಗಾಗಲೇ ದಾಟಿದ್ದೀರಿ, ಇನ್ನೂ ಏರಿಸಬೇಡಿ. ನಮ್ಮಲ್ಲಿ ಸಮತಟ್ಟು ರಸ್ತೆ ಎಲ್ಲಿದೆ? ಏರಿನಲ್ಲಿ ಮಾತಾಡಲು ಆಗದಷ್ಟು ಏದುಸಿರು ಬಂದರೆ ನಿಧಾನಿಸಿ. ವಾರಕ್ಕೆ ಎರಡು ದಿನ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವಂಥ ಸ್ನಾಯು ವ್ಯಾಯಾಮ ಸೇರಿಸಿ. ಜುಲೈ ಮಳೆಯಲ್ಲೂ ಮಾಡಬಹುದು, ಅಲ್ವಾ?

ಹೊರಡುವ ಮುಂಚೆ ಒಂದು ಬಾಳೆಹಣ್ಣು ತಿನ್ನಿ. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತಗೊಳ್ತೀರಾ ಎಂದು ನೀವು ಬರೆದಿಲ್ಲ. ಹೌದಾದರೆ ಖಾಲಿ ಹೊಟ್ಟೆಯ ನಡಿಗೆ ಇವತ್ತೇ ನಿಲ್ಲಿಸಿ. ರಕ್ತದ ಸಕ್ಕರೆ ಕುಸಿದು ರಸ್ತೆಯಲ್ಲೇ ಬೀಳಬಹುದು. ಇಲ್ಲದಿದ್ದರೂ ತಲೆಸುತ್ತಿಗೆ ಬಿಪಿ, ಹಿಮೋಗ್ಲೋಬಿನ್ ಪರೀಕ್ಷೆ ಆಗಲಿ. ಎದೆ ಬಿಗಿದರೆ ಮನೆಗೆ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹೊಟ್ಟೆ ಮಾತ್ರ ಕರಗಿಸುವ ವ್ಯಾಯಾಮ ಹೇಳಿ.

ಉತ್ತರ: ಅಂಥದ್ದು ಇಲ್ಲ.

ಪ್ರಶ್ನೆ: ಮಗ ಹಾಕಿ ಆಡುತ್ತಾನೆ. ಪ್ರೋಟೀನ್ ಪೌಡರ್ ಕೊಡಲಾ?

ಉತ್ತರ: ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿಯೂ ಬೇಡ ಅಂತಲೇ ಹೇಳಿದೆ.

ಪ್ರಶ್ನೆ: ಕಾಚಂಪುಳಿ ನೀರಿಗೆ ಹಾಕಿ ಕುಡಿದರೆ ಕೊಬ್ಬು ಕರಗುತ್ತಂತೆ?

ಉತ್ತರ: ಕರಗಲ್ಲ. ಅದು ಹಣ್ಣಿನಿಂದ ಮಾಡಿ ಕರಿಗೆ ಹಾಕುವ ಹುಳಿ. ದಿನಾ ಕುಡಿದರೆ ಹಲ್ಲು ಸವೆಯುತ್ತದೆ, ಎದೆ ಉರಿಯುತ್ತದೆ. ಅದೇ ಹಣ್ಣಿನ ಸಾರ ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಹೆಸರಲ್ಲಿ ಮಾತ್ರೆಯಾಗಿ ಬರುತ್ತದೆ. ಅಂಥ ಮಾತ್ರೆ ನುಂಗಿ ಲಿವರ್ ಕೆಡಿಸಿಕೊಂಡವರ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ‘ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ’ ಎಂದು ಇದನ್ನು ಮಾರುವವರ ಮೇಲೆ ನನಗೆ ವಿಪರೀತ ಸಿಟ್ಟಿದೆ. ಈಗಾಗಲೇ ನುಂಗುತ್ತಿದ್ದರೆ ನಿಲ್ಲಿಸಿ. ಕಣ್ಣು ಹಳದಿಯಾಗಿದ್ದರೆ ಅಥವಾ ಮೂತ್ರ ಕಡುಬಣ್ಣಕ್ಕೆ ತಿರುಗಿದ್ದರೆ ಡಬ್ಬಿ ಸಮೇತ ವೈದ್ಯರ ಹತ್ತಿರ ಹೋಗಿ.