ಕರುಳಿಗೆ ಕೆಟ್ಟ ಬ್ಯಾಕ್ಟೀರಿಯಾ ಬಂದಿದೆ ಎಂದು ದೇಹಕ್ಕೆ ಗೊತ್ತಾಗುವುದು ಹೇಗೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ನಿರುಪದ್ರವಿ ಬ್ಯಾಕ್ಟೀರಿಯಾಗಳಿರುವಾಗ ಅವುಗಳ ನಡುವೆ ನುಸುಳಿದ ಕೆಟ್ಟದ್ದನ್ನು ದೇಹ ಹೇಗೆ ಗುರುತಿಸುತ್ತದೆ ಎಂಬುದು ಒಂದು. ಗುರುತಿಸುವುದು ನಿಜವಾದರೆ ನಾವು ಭೇದಿಯಿಂದ ನರಳುವುದೇಕೆ ಎಂಬುದು ಇನ್ನೊಂದು. ಎರಡನೆಯದನ್ನು ತುಸು ಕುಹಕದಿಂದ ಕೇಳಿದಂತಿದೆ. ಆದರೂ ಇವೆರಡರಲ್ಲಿ ಅದೇ ಹೆಚ್ಚು ಒಳ್ಳೆಯ ಪ್ರಶ್ನೆ.

ನಾನು ವೈದ್ಯನಲ್ಲ. ರೋಗಪತ್ತೆ ಪ್ರಯೋಗಾಲಯದಲ್ಲಿ ಬಹಳ ವರ್ಷ ಮಲದ ಮಾದರಿಗಳನ್ನು ಪರೀಕ್ಷಿಸಿದವನು. ಊಟಕ್ಕೆ ಕುಳಿತಾಗ ಪಕ್ಕದವರು ಏನು ಕೆಲಸ ಎಂದು ಕೇಳಿದರೆ ಮಾತು ತೇಲಿಸುವುದು ರೂಢಿಯಾಗಿದೆ. ಇಲ್ಲಿ ಮಾತ್ರ ಅಲ್ಲಿಂದಲೇ ಶುರು ಮಾಡಬೇಕು.

ರಕ್ತ, ಲೋಳೆ ಬೆರೆತ ಭೇದಿಯ ಮಾದರಿಯಿಂದ ಲೋಳೆಯ ಒಂದು ಚೂರನ್ನು ತೆಗೆದು, ಸ್ಲೈಡಿನ ಮೇಲೆ ಒಂದು ಹನಿ ಮಿಥಿಲೀನ್ ನೀಲಿಯಲ್ಲಿ ಕಲಸಿ, ಕವರ್‌ಸ್ಲಿಪ್ ಮುಚ್ಚಿ, ಎರಡು ಮೂರು ನಿಮಿಷ ಬಿಟ್ಟು ನೋಡುತ್ತೇವೆ. ರಕ್ತಭೇದಿ ತರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲಿದ್ದರೆ ಕಣ್ಣು ಹಾಯಿಸಿದಲ್ಲೆಲ್ಲ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೇ. ಅವುಗಳ ಕೋಶಕೇಂದ್ರ ಮೂರು ನಾಲ್ಕು ಹಾಲೆಗಳಾಗಿ, ಸಣ್ಣ ಎಳೆಯಲ್ಲಿ ಪೋಣಿಸಿದ ನೀಲಿ ಮಣಿಗಳಂತೆ ಕಾಣುತ್ತದೆ. ನಮ್ಮ ಬಾಯಲ್ಲಿ ಅವು ಕೀವುಕಣಗಳು. ಕಾಲರಾ ರೋಗಿಯ ನೀರಿನಂಥ ಭೇದಿಯಲ್ಲಿ ಇಂಥ ಕಣ ಹುಡುಕಿದರೂ ಸಿಗುವುದು ಅಪರೂಪ. ಕಪ್ಪು ಹಿನ್ನೆಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಲರಾದ ವಿಬ್ರಿಯೊಗಳು ಮಾತ್ರ ಉಲ್ಕೆಗಳಂತೆ ಅತ್ತಿತ್ತ ಚಿಮ್ಮುತ್ತಿರುತ್ತವೆ.

ಎರಡೂ ಅಪಾಯಕಾರಿ ರೋಗಗಳೇ. ಹಾಗಿದ್ದರೂ ಒಂದಕ್ಕೆ ಸೈನ್ಯವೇ ಬಂದಿಳಿದಿದೆ, ಇನ್ನೊಂದಕ್ಕೆ ಕಾವಲುಗಾರನೂ ಎದ್ದಂತಿಲ್ಲ. ಶಿಗೆಲ್ಲಾ ಕರುಳಿನ ಗೋಡೆಯೊಳಗೆ ನುಗ್ಗುತ್ತದೆ. ವಿಬ್ರಿಯೊ ಗೋಡೆಯ ಮೇಲೆಯೇ ಅಂಟಿಕೊಂಡು ವಿಷವನ್ನಷ್ಟೇ ಒಳಗೆ ಬಿಡುತ್ತದೆ. ನನಗೆ ಇಡೀ ವಿಷಯದ ತಿರುಳು ಇದೇ ಅನ್ನಿಸುತ್ತದೆ: ಕರುಳು ಬ್ಯಾಕ್ಟೀರಿಯಾದ ಕುಲಗೋತ್ರ ವಿಚಾರಿಸುವುದು ಕಡಿಮೆ. ಅದು ನಿಂತಿರುವ ಜಾಗ ಯಾವುದು, ಮಾಡುತ್ತಿರುವ ಕೆಲಸ ಏನು ಎಂದು ನೋಡಿ ತೀರ್ಮಾನಕ್ಕೆ ಬರುತ್ತದೆ.

ಮೊದಲು ಜಾಗದ ವಿಚಾರ. 2016ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ, ಅವುಗಳಲ್ಲಿ ಬಹುಪಾಲು ದೊಡ್ಡಕರುಳಿನಲ್ಲಿ. ಅವುಗಳಿಗೂ ನಮ್ಮ ರಕ್ತಕ್ಕೂ ನಡುವೆ ಇರುವ ಗೋಡೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ಆ ಗೋಡೆಯ ಮೇಲೆ ದೊಡ್ಡಕರುಳಿನಲ್ಲಿ ಎರಡು ಪದರ ಲೋಳೆ ಇದೆ. ಹೊರಗಿನ ಸಡಿಲ ಪದರದಲ್ಲಿ ಬ್ಯಾಕ್ಟೀರಿಯಾಗಳು ಹಾಯಾಗಿ ಬದುಕುತ್ತವೆ. ಗೋಡೆಗೆ ತಾಗಿದ ಗಟ್ಟಿ ಪದರ ಹೆಚ್ಚುಕಡಿಮೆ ಖಾಲಿ. ಈ ಲೋಳೆಯ ಮುಖ್ಯ ಪ್ರೋಟೀನನ್ನು ತಯಾರಿಸಲಾಗದ ಇಲಿಗಳಲ್ಲಿ ಹೊರಗಿನಿಂದ ಯಾವ ರೋಗಾಣು ಬಾರದಿದ್ದರೂ ಕರುಳಿನ ಉರಿಯೂತ ತಾನಾಗಿ ಶುರುವಾಗುತ್ತದೆ. ನಿನ್ನೆಯವರೆಗೆ ನೆರೆಯವರಾಗಿದ್ದ ಬ್ಯಾಕ್ಟೀರಿಯಾಗಳು ಅಡುಗೆಮನೆಗೆ ಬಂದು ನಿಂತರೆ ಸಾಕು, ಜಗಳ. ಸಣ್ಣಕರುಳಿನಲ್ಲಿ ಲೋಳೆ ತೆಳು. ಅಲ್ಲಿ ಗೋಡೆಯ ಕುಳಿಗಳ ತಳದಲ್ಲಿರುವ ಪೇನೆತ್ ಕೋಶಗಳು ಡಿಫೆನ್ಸಿನ್, ಲೈಸೊಜೈಮ್ ಮುಂತಾದ ಬ್ಯಾಕ್ಟೀರಿಯಾನಾಶಕ ವಸ್ತುಗಳನ್ನು ಸುರಿಯುತ್ತಾ ಜಾಗವನ್ನು ಚೊಕ್ಕಟವಾಗಿಡುತ್ತವೆ.

ಕಾವಲಿನ ಸಂವೇದಕಗಳನ್ನು ಜೋಡಿಸಿರುವ ಕ್ರಮವೂ ಇದೇ ತರ್ಕದ್ದು. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಂಥ ಕಶಾಂಗದ ಪ್ರೋಟೀನನ್ನು ಪತ್ತೆಹಚ್ಚುವ ಟಿಎಲ್‌ಆರ್5 ಎಂಬ ಸಂವೇದಕ ದೊಡ್ಡಕರುಳಿನ ಗೋಡೆಯ ಕೋಶಗಳಲ್ಲಿ ಇರುವುದು ಬಹುಮಟ್ಟಿಗೆ ಒಳಮೈಯಲ್ಲಿ, ಅಂದರೆ ರಕ್ತದ ಕಡೆಗೆ. ಹೊರಗೆ ಎಷ್ಟು ಬಾಲಗಳು ಅಲ್ಲಾಡಿದರೂ ಅದಕ್ಕೆ ಸಂಬಂಧವಿಲ್ಲ. ಗೋಡೆ ದಾಟಿ ಬಂದ ಬಾಲಕ್ಕೆ ಮಾತ್ರ ಗಂಟೆ ಬಾರಿಸುತ್ತದೆ. (ಈ ಸಂವೇದಕಗಳ ಕುಟುಂಬದ ಮೇಲಿನ ಕೆಲಸಕ್ಕೆ ಬ್ರೂಸ್ ಬಾಯ್ಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ 2011ರ ನೊಬೆಲ್ ಹಂಚಿಕೊಂಡರು.)

ಇನ್ನು ಕೆಲಸದ ವಿಚಾರ. ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ. ಅದರ ಬಳಿಯೂ ಶಿಗೆಲ್ಲಾ ಬಳಿಯೂ ಸೂಜಿಯಂಥ ಸಾಧನವಿದೆ. ಅದನ್ನು ನಮ್ಮ ಕೋಶಕ್ಕೆ ಚುಚ್ಚಿ ತಮ್ಮ ಪ್ರೋಟೀನುಗಳನ್ನು ಒಳಗೆ ತೂರಿಸುತ್ತವೆ. ಸಾಧು ಸ್ವಭಾವದ ಬ್ಯಾಕ್ಟೀರಿಯಾಕ್ಕೆ ಇಂಥ ಸೂಜಿ ಬೇಕಿಲ್ಲ. ಆದ್ದರಿಂದ ಸೂಜಿಯ ತುಣುಕು ಕೋಶದೊಳಗೆ ಸಿಕ್ಕಿತೆಂದರೆ ಬಂದವನು ಕಳ್ಳನೆಂಬುದರಲ್ಲಿ ಸಂಶಯವಿಲ್ಲ. ಅಲ್ಲಿನ ಸಂವೇದಕಗಳು ಒಟ್ಟುಗೂಡಿ ಇನ್‌ಫ್ಲಮಸೋಮ್ ಎಂಬ ಚಕ್ರಾಕಾರದ ಯಂತ್ರವಾಗುತ್ತವೆ, ಕೋಶ ಆತ್ಮಹತ್ಯೆ ಮಾಡಿಕೊಳ್ಳುತ್ತದೆ. ಪಕ್ಕದ ಕೋಶಗಳು ಅದನ್ನು ಒಳಗಿರುವ ಬ್ಯಾಕ್ಟೀರಿಯಾ ಸಮೇತ ಕರುಳಿನ ಟೊಳ್ಳಿಗೆ ನೂಕಿ, ಸಂದು ಮುಚ್ಚಿಕೊಳ್ಳುತ್ತವೆ. ಗೋಡೆಯ ಕೋಶಗಳು ಹೇಗೂ ಮೂರರಿಂದ ಐದು ದಿನಕ್ಕೊಮ್ಮೆ ಬದಲಾಗುವಂಥವು, ನಷ್ಟ ದೊಡ್ಡದಲ್ಲ. ಶಿಗೆಲ್ಲಾ ಇದಕ್ಕೂ ಮದ್ದು ಕಂಡುಕೊಂಡಿದೆ. ಕೋಶ ಸಾಯದಂತೆ ತಡೆಯುವ ಪ್ರೋಟೀನುಗಳನ್ನೂ ಅದೇ ಸೂಜಿಯಲ್ಲಿ ಕಳುಹಿಸುತ್ತದೆ. ಕೇವಲ 10ರಿಂದ 100 ಶಿಗೆಲ್ಲಾಗಳು ಹೊಟ್ಟೆಗೆ ಹೋದರೂ ರೋಗ ಬರುವುದಕ್ಕೆ ಇಂಥ ಕೈಚಳಕವೂ ಒಂದು ಕಾರಣ.

ಗಂಟೆ ಬಾರಿಸಿದ ಮೇಲೆ ಕೆಲವೇ ಗಂಟೆಗಳಲ್ಲಿ ರಕ್ತದಿಂದ ನ್ಯೂಟ್ರೋಫಿಲ್‌ಗಳು ಬರುತ್ತವೆ. ಗೋಡೆಯ ಕೋಶಗಳ ನಡುವೆ ತೂರಿ ಕರುಳಿನ ಟೊಳ್ಳಿಗೂ ಇಳಿಯುತ್ತವೆ. ಸ್ಲೈಡಿನಲ್ಲಿ ನಮಗೆ ಕಾಣುವುದು ಹೀಗೆ ಇಳಿದವೇ. ಅವು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ, ಕ್ಲೋರಿನ್ ಬ್ಲೀಚಿನ ಜಾತಿಯ ಉಗ್ರ ರಾಸಾಯನಿಕಗಳನ್ನು ಕಾರುತ್ತವೆ. ಗೋಡೆ ದಾಟಿದ್ದನ್ನು ಮುಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಟೊಳ್ಳಿನಲ್ಲಿ ಮಾತ್ರ ಲೆಕ್ಕ ಬೇರೆ.

ನಮ್ಮಲ್ಲಿ ಟೆಟ್ರಾಥಯೊನೇಟ್ ಬ್ರಾತ್ ಎಂಬ ಪೋಷಕ ದ್ರಾವಣವಿತ್ತು. ಮಲದಲ್ಲಿ ಸಾಲ್ಮೊನೆಲ್ಲಾ ಬೆರಳೆಣಿಕೆಯಷ್ಟಿದ್ದು ಉಳಿದ ಬ್ಯಾಕ್ಟೀರಿಯಾಗಳ ಗುಂಪಿನಲ್ಲಿ ಕಳೆದುಹೋಗಿದ್ದರೆ, ಮಾದರಿಯನ್ನು ಇದರಲ್ಲಿ ಹಾಕಿ ಒಂದು ರಾತ್ರಿ ಬೆಚ್ಚಗೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಸಾಲ್ಮೊನೆಲ್ಲಾ ಮೇಲುಗೈ ಪಡೆದಿರುತ್ತದೆ. ಬಳಸುವ ಮುನ್ನ ಅದಕ್ಕೆ ಅಯೋಡಿನ್ ಬೆರೆಸುತ್ತಿದ್ದೆವು. ಅದು ದ್ರಾವಣದಲ್ಲಿರುವ ಥಯೋಸಲ್ಫೇಟನ್ನು ಟೆಟ್ರಾಥಯೊನೇಟ್ ಆಗಿ ಬದಲಿಸುತ್ತದೆ. 1923ರಿಂದಲೂ ಬಳಕೆಯಲ್ಲಿರುವ ವಿಧಾನವಿದು. ನನ್ನ ಮಟ್ಟಿಗೆ ಇದು ಅಡುಗೆಯ ಪಾಕದಂತೆ, ಏಕೆಂದು ಕೇಳದೆ ಮಾಡುತ್ತಿದ್ದ ಕೆಲಸ.

2010ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟದ್ದೇನೆಂದರೆ, ಊದಿಕೊಂಡ ಕರುಳು ಇದೇ ದ್ರಾವಣವನ್ನು ತಾನೇ ತಯಾರಿಸುತ್ತದೆ! ಕರುಳಿನ ಬ್ಯಾಕ್ಟೀರಿಯಾಗಳು ಬಿಡುವ ಹೈಡ್ರೊಜನ್ ಸಲ್ಫೈಡ್ ವಿಷಾನಿಲವನ್ನು ಗೋಡೆಯ ಕೋಶಗಳು ಥಯೋಸಲ್ಫೇಟ್ ಆಗಿ ಪರಿವರ್ತಿಸುತ್ತವೆ. ನ್ಯೂಟ್ರೋಫಿಲ್‌ಗಳು ಕಾರಿದ ಉಗ್ರ ರಾಸಾಯನಿಕಗಳು ನಮ್ಮ ಅಯೋಡಿನ್ ಮಾಡುತ್ತಿದ್ದ ಕೆಲಸವನ್ನೇ ಮಾಡಿ ಅದನ್ನು ಟೆಟ್ರಾಥಯೊನೇಟ್ ಮಾಡುತ್ತವೆ. ಆಮ್ಲಜನಕ ಇಲ್ಲದ ಆ ಜಾಗದಲ್ಲಿ ಉಳಿದ ಬ್ಯಾಕ್ಟೀರಿಯಾಗಳು ಹುದುಗುವಿಕೆಯಿಂದ ಹೇಗೋ ದಿನ ದೂಡುತ್ತಿದ್ದರೆ, ಸಾಲ್ಮೊನೆಲ್ಲಾ ಟೆಟ್ರಾಥಯೊನೇಟನ್ನೇ ಉಸಿರಾಡಿ ಕೊಬ್ಬುತ್ತದೆ. ಗೋಡೆಯೊಳಗೆ ನುಗ್ಗಿದ ಕೆಲವು ಸಾಲ್ಮೊನೆಲ್ಲಾಗಳು ಸಾಯುತ್ತವೆ, ಆ ಗಲಾಟೆಯ ಲಾಭ ಹೊರಗಿರುವ ಸೋದರರಿಗೆ. ಅದನ್ನು ಓದಿದ ದಿನ ನಾನು ಆ ಬ್ರಾತ್ ಬಾಟಲಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ್ದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಈಗ ಸುಲಭ. ಭೇದಿ ಕೆಲವೊಮ್ಮೆ ಬ್ಯಾಕ್ಟೀರಿಯಾದ ಕೆಲಸ, ಕೆಲವೊಮ್ಮೆ ನಮ್ಮದೇ ಕೆಲಸ. ಕಾಲರಾದಲ್ಲಿ ವಿಷವೇ ಕೋಶಗಳಿಂದ ಕ್ಲೋರೈಡನ್ನೂ ಅದರ ಹಿಂದೆ ನೀರನ್ನೂ ಹೊರಹಾಕಿಸುತ್ತದೆ. ಸಕ್ಕರೆಯ ಜೊತೆ ಸೋಡಿಯಂ ಹೀರುವ ದಾರಿಗೆ ಅದು ಕೈ ಹಚ್ಚದ ಕಾರಣ ಓಆರ್‌ಎಸ್ ಕೆಲಸ ಮಾಡುತ್ತದೆ. ರಕ್ತಭೇದಿಯಲ್ಲಿ ಹಾನಿಯ ದೊಡ್ಡ ಪಾಲು ನ್ಯೂಟ್ರೋಫಿಲ್‌ಗಳ ಕಾದಾಟದಿಂದ ಆದದ್ದು. ಇಂಥ ಹೊತ್ತಿನಲ್ಲಿ ಕರುಳಿನ ಚಲನೆಯನ್ನೇ ನಿಲ್ಲಿಸುವ ಭೇದಿ ಮಾತ್ರೆಯನ್ನು ತಾವಾಗಿ ನುಂಗುವುದು ಅಪಾಯ. ಹೊರಗೆ ಹೋಗಬೇಕಾದದ್ದನ್ನು ಒಳಗೆ ಕೂಡಿಹಾಕಿದಂತಾಗುತ್ತದೆ. ಮಲದಲ್ಲಿ ರಕ್ತ, ಜೊತೆಗೆ ಜ್ವರ ಕಂಡರೆ ವೈದ್ಯರ ಬಳಿ ಹೋಗಿ.

ಕುಲಗೋತ್ರ ವಿಚಾರಿಸುವ ವಿಭಾಗವೇ ಇಲ್ಲವೆಂದಲ್ಲ, ಅದು ನಿಧಾನ. ಸಣ್ಣಕರುಳಿನ ಗೋಡೆಯಲ್ಲಿ ಪೇಯರ್ ತೇಪೆಗಳೆಂಬ ದಪ್ಪನೆಯ ಮಚ್ಚೆಗಳಿವೆ. ಯೊಹಾನ್ ಕಾನ್ರಾಡ್ ಪೇಯರ್ 1677ರಲ್ಲಿಯೇ ಅವನ್ನು ವರ್ಣಿಸಿದ್ದ. ಅಲ್ಲಿನ ಎಂ ಕೋಶಗಳು ಕರುಳಿನೊಳಗಿನ ಬ್ಯಾಕ್ಟೀರಿಯಾಗಳನ್ನು ಒಂದಿಷ್ಟು ಒಳಗೆ ಎಳೆದು ರೋಗನಿರೋಧಕ ಕೋಶಗಳಿಗೆ ಒಪ್ಪಿಸುತ್ತವೆ. ಸಾಲ್ಮೊನೆಲ್ಲಾ, ಶಿಗೆಲ್ಲಾಗಳಿಗೆ ಇದೇ ಹೆಬ್ಬಾಗಿಲೂ ಹೌದು. ಇಲ್ಲಿ ಶುರುವಾದ ತರಬೇತಿಯಿಂದ ವಾರವೊಂದು ಕಳೆಯುವಷ್ಟರಲ್ಲಿ ಆ ರೋಗಾಣುವಿಗೆಂದೇ ಹೊಂದುವ ಐಜಿಎ ಪ್ರತಿಕಾಯ ಕರುಳಿಗೆ ಬರತೊಡಗುತ್ತದೆ. ದಿನಕ್ಕೆ ಕೆಲವು ಗ್ರಾಂಗಳಷ್ಟು ತಯಾರಾಗುವ ಐಜಿಎಯ ವಿಶೇಷವೆಂದರೆ ಅದು ಸಾಮಾನ್ಯವಾಗಿ ಯಾರನ್ನೂ ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾ ಎರಡಾಗಿ ಒಡೆದಾಗ ಮರಿಗಳು ಬೇರೆಯಾಗದಂತೆ ಕಟ್ಟಿಹಾಕುತ್ತದೆ. ಅವು ಮತ್ತೆ ಒಡೆಯುತ್ತವೆ, ಮತ್ತೆ ಕಟ್ಟು ಬೀಳುತ್ತದೆ. ಕೊನೆಗೆ ಒಂದೇ ವಂಶದ ಮುದ್ದೆಯಾಗಿ, ಗೋಡೆಯ ಹತ್ತಿರ ಸುಳಿಯಲಾಗದೆ ಮಲದೊಂದಿಗೆ ಹೊರಟುಹೋಗುತ್ತವೆ. ಇಲಿಗಳಲ್ಲಿ ಸಾಲ್ಮೊನೆಲ್ಲಾ ಇಟ್ಟುಕೊಂಡು 2017ರಲ್ಲಿ ತೋರಿಸಿದ ಸಂಗತಿ ಇದು. ಬೆಂಕಿ ಹಚ್ಚದೆ, ಟೆಟ್ರಾಥಯೊನೇಟ್ ಹುಟ್ಟಿಸದೆ ಮುಗಿಯುವ ಕೆಲಸ. ನ್ಯೂಟ್ರೋಫಿಲ್‌ಗಿಂತ ನನಗೆ ಐಜಿಎ ಮೇಲೆಯೇ ಗೌರವ ಹೆಚ್ಚು.

ನಿರುಪದ್ರವಿ ಬ್ಯಾಕ್ಟೀರಿಯಾಗಳೂ ಸುಮ್ಮನೆ ಕುಳಿತಿರುವುದಿಲ್ಲ, ಜಾಗ ಮತ್ತು ಆಹಾರ ಹಿಡಿದುಕೊಂಡಿರುತ್ತವೆ. ಕಳೆದ ಶತಮಾನದ ಮಧ್ಯದಲ್ಲೇ ನಡೆದ ಪ್ರಯೋಗಗಳಲ್ಲಿ, ಇಲಿಗೆ ಸೋಂಕು ತಗಲಿಸಲು ಸುಮಾರು ಒಂದು ಲಕ್ಷ ಸಾಲ್ಮೊನೆಲ್ಲಾ ಬೇಕಾಗಿದ್ದರೆ, ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಹತ್ತಕ್ಕಿಂತ ಕಡಿಮೆ ಸಾಕಾಯಿತು. ಆ್ಯಂಟಿಬಯಾಟಿಕ್ ಮುಗಿದ ಮೇಲೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಭೇದಿ ಕಾಡುವುದು ಇದೇ ಖಾಲಿ ಜಾಗದಲ್ಲಿ. ಪ್ರೊಬಯಾಟಿಕ್ ಪುಡಿ ಆ ಜಾಗ ತುಂಬುತ್ತದೆಯೇ ಎಂದರೆ, ಹೊರಗಿನಿಂದ ಬಂದ ಒಂದೆರಡು ತಳಿಗಳು ಹೆಚ್ಚಿನವರಲ್ಲಿ ನೆಲೆಯೂರದೆ ಹಾದುಹೋಗುತ್ತವೆ. ದೇಹದ ರೋಗನಿರೋಧಕ ಕೋಶಗಳಲ್ಲಿ ನೂರಕ್ಕೆ ಎಪ್ಪತ್ತು ಕರುಳಿನಲ್ಲಿವೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದನ್ನೂ ನಂಬಬೇಡಿ. 2023ರ ಲೆಕ್ಕ ಅವುಗಳ ಹೆಚ್ಚಿನ ಪಾಲನ್ನು ಮೂಳೆಮಜ್ಜೆ ಮತ್ತು ದುಗ್ಧರಸ ವ್ಯವಸ್ಥೆಯಲ್ಲಿ ತೋರಿಸಿದೆ.

ಈಗ ಸ್ಲೈಡು ನೋಡಿ ಕೀವುಕಣ ಎಣಿಸುವುದು ಕಡಿಮೆಯಾಗುತ್ತಿದೆ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಅಳೆಯುತ್ತಾರೆ. ಬ್ಯಾಕ್ಟೀರಿಯಾಗಳ ಬಾಯಿಂದ ಸತು, ಮ್ಯಾಂಗನೀಸ್ ಕಸಿದುಕೊಂಡು ಅವನ್ನು ಉಪವಾಸ ಕೆಡಹುವ ಈ ವಸ್ತು ನ್ಯೂಟ್ರೋಫಿಲ್‌ನ ಕೋಶರಸದಲ್ಲಿರುವ ಪ್ರೋಟೀನಿನ ಸುಮಾರು ಅರ್ಧದಷ್ಟಿದೆ. ನಿಮ್ಮ ವರದಿಯಲ್ಲಿ ಎಂದಾದರೂ ಆ ಹೆಸರಿನ ಮುಂದೆ ದೊಡ್ಡ ಸಂಖ್ಯೆ ಕಂಡರೆ, ನಾನು ನೀಲಿ ಹನಿಯಲ್ಲಿ ನೋಡುತ್ತಿದ್ದ ಮಣಿಸರಗಳೇ ಅವು ಎಂದು ತಿಳಿಯಿರಿ. ಬ್ಯಾಕ್ಟೀರಿಯಾ ಯಾವುದೆಂದು ಆ ಸಂಖ್ಯೆ ಹೇಳುವುದಿಲ್ಲ, ಅದಕ್ಕೆ ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು.