ಮೂಗುಬೊಟ್ಟು ಮುಟ್ಟಿಕೊಂಡವಳು

(ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಗಿರೀಶ್ ಬಂದು ಕೂತವರೇ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. ಅದರಲ್ಲೊಂದು ಪಟ್ಟಿ. "ನವೆಂಬರ್ 9, ರಾತ್ರಿ: ಮೂಗು ಮುಟ್ಟಿಕೊಂಡಳು, 3 ಸಲ. ನವೆಂಬರ್ 14: ಕೇಳಿದ್ದಕ್ಕೆ ನೆಲ ನೋಡಿದಳು. ನವೆಂಬರ್ 20: ಕೈಕಟ್ಟಿಕೊಂಡು ಉತ್ತರ ಕೊಟ್ಟಳು." ಹೀಗೆ ಎರಡು ತಿಂಗಳದ್ದು.

"ಮೇಡಂ, ಇವಳು ನನ್ನ ಹತ್ರ ಏನೋ ಮುಚ್ಚಿಡ್ತಿದಾಳೆ. ಬಾಯಿ ಸುಳ್ಳು ಹೇಳಬಹುದು, ಮೈ ಹೇಳಲ್ಲ."

ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ ಸುಮಾ ಎರಡೂ ಕೈ ಎದೆಗೆ ಕಟ್ಟಿ, ಕಾಲ್ಬೆರಳು ನೋಡುತ್ತಾ ಕೂತಿದ್ದರು. ಬಲವಂತಕ್ಕೆ ಬಂದಿದ್ದಾರೆ, ಮಾತಾಡುವ ಮನಸ್ಸಿಲ್ಲ ಎಂದುಕೊಂಡೆ. ಹತ್ತು ನಿಮಿಷದ ಮೇಲೆ ಅವರೇ ಮೆಲ್ಲಗೆ, "ಫ್ಯಾನ್ ಸ್ವಲ್ಪ ಕಮ್ಮಿ ಮಾಡ್ತೀರಾ ಮೇಡಂ, ಚಳಿ ಆಗ್ತಿದೆ" ಎಂದರು. ಫ್ಯಾನ್ ನಿಲ್ಲಿಸಿದೆ. ಕಟ್ಟಿದ ಕೈ ಬಿಚ್ಚಿ ಮಡಿಲಿಗೆ ಬಂತು. ನಾನೂ ಗಿರೀಶ್ ಅವರ ಹಾಗೇ ಕಂಡಿದ್ದಕ್ಕೆ ಅರ್ಥ ಕಟ್ಟಿ ಮುಗಿಸಿದ್ದೆ.

ಗಿರೀಶ್ ಅವರದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸುಮಾ ಹಾಸನದ ಕಡೆಯ ಹಳ್ಳಿಯವರು. ಮದುವೆಯಾಗಿ ಮೂರು ವರ್ಷ. ಆಫೀಸಿನಲ್ಲಿ ದೇಹಭಾಷೆಯ ಬಗ್ಗೆ ಎರಡು ದಿನದ ತರಬೇತಿ ಕೊಟ್ಟಿದ್ದರಂತೆ. ಆಮೇಲೆ ರಾತ್ರಿ ಹೊತ್ತು ಅಂಥದ್ದೇ ವಿಡಿಯೊಗಳು. ಸಂವಹನದಲ್ಲಿ ಮಾತಿನ ಪಾಲು ನೂರಕ್ಕೆ ಬರೀ 7, ದನಿಯದು 38, ಮಿಕ್ಕ 55 ದೇಹಭಾಷೆಯದು ಎಂದು ಅಲ್ಲಿ ಕಲಿತಿದ್ದರು.

ಈ ಲೆಕ್ಕ ಎಲ್ಲಿಂದ ಬಂತೆಂದು ಅವರಿಗೆ ಹೇಳಿದೆ. 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಅಮೆರಿಕದಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳನ್ನು ಕೂಡಿಸಿದಾಗ ಸಿಕ್ಕ ಸಂಖ್ಯೆಗಳಿವು. ಒಂದರಲ್ಲಿ 'ಮೇಬಿ' (ಇರಬಹುದು) ಎಂಬ ಒಂದೇ ಪದವನ್ನು ಮೂರು ಥರದ ದನಿಯಲ್ಲಿ ಕೇಳಿಸಿ, ಜೊತೆಗೆ ಮುಖದ ಫೋಟೊ ತೋರಿಸಿ, ಹೇಳಿದವರಿಗೆ ಇಷ್ಟವೋ ಅನಿಷ್ಟವೋ ಊಹಿಸಿ ಎಂದಿದ್ದರು. ಇಷ್ಟಾನಿಷ್ಟದ ಮಾತಿಗೆ ಮಾತ್ರ ಈ ಲೆಕ್ಕ ಎಂದು ಮೆಹ್ರೇಬಿಯನ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತು ಸಂಬಳ, ತವರು, ಗ್ಯಾಸ್ ಸಿಲಿಂಡರ್ ಮಾತಾಡುವುದಕ್ಕೆ ಅದನ್ನು ಅಳತೆಗೋಲು ಮಾಡಿಕೊಳ್ಳುವುದು ತಪ್ಪು.

ಕಣ್ಣು ತಪ್ಪಿಸುವವರು ಸುಳ್ಳು ಹೇಳುತ್ತಾರೆಂಬ ನಂಬಿಕೆ ಲೋಕದ ತುಂಬ ಇದೆ. ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ, ಹಿಂದಿನ ಅಧ್ಯಯನಗಳಲ್ಲಿ ಭಾಗವಹಿಸಿದ್ದ 24,000ಕ್ಕೂ ಹೆಚ್ಚು ಜನರ ತೀರ್ಪುಗಳನ್ನು ಒಟ್ಟುಗೂಡಿಸಿ ನೋಡಿದರು. ಸುಳ್ಳು ಯಾವುದು, ನಿಜ ಯಾವುದು ಎಂದು ಜನ ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದರೂ 50 ಬರುತ್ತದೆ.

ಇನ್ನು ಕೈಕಟ್ಟುವುದು. ನಮ್ಮ ಕನ್ನಡ ಶಾಲೆಗಳಲ್ಲಿ ಓದಿದವರಿಗೆ "ಕೈ ಕಟ್, ಬಾಯ್ ಮುಚ್" ಮರೆಯಲು ಸಾಧ್ಯವೇ? ಮೇಷ್ಟರ ಮುಂದೆ ಕೈಕಟ್ಟಿ ನಿಲ್ಲುವುದು, ದೊಡ್ಡವರು ಮಾತಾಡುವಾಗ ತಲೆ ತಗ್ಗಿಸುವುದು ನಮ್ಮಲ್ಲಿ ಮರ್ಯಾದೆ. ಸುಮಾಗೆ ಅಪ್ಪ ಕಲಿಸಿದ್ದೂ ಅದನ್ನೇ. "ಎದುರಿಗೆ ಗುರಾಯಿಸಿ ನೋಡ್ತೀಯಾ?" ಎಂದು ಬೈಸಿಕೊಂಡು ಬೆಳೆದ ಹುಡುಗಿಗೆ ಈಗ ಗಂಡ "ಕಣ್ಣಲ್ಲಿ ಕಣ್ಣಿಟ್ಟು ಹೇಳು" ಎನ್ನುತ್ತಿದ್ದರು.

ಸುಮಾ ಒಬ್ಬರೇ ಇದ್ದಾಗ ಅವರ ಜೊತೆ ಇಪ್ಪತ್ತು ನಿಮಿಷ ಮಾತಾಡಿದೆ. ಮೊದಲು ಕೇಳಿದ್ದು, ಗಂಡ ಕೈ ಎತ್ತುತ್ತಾರಾ, ಬೆದರಿಸುತ್ತಾರಾ ಎಂದು. ಇಲ್ಲ ಎಂದರು. ಈ ಪ್ರಶ್ನೆ ಕೇಳದೆ ನಾನು ಯಾವ ದಂಪತಿಗೂ ಸಲಹೆ ಕೊಡುವುದಿಲ್ಲ. ಹೊಡೆತ ಬಡಿತ ಇರುವ ಕಡೆ ತಗ್ಗಿದ ತಲೆಯ ಕಥೆಯೇ ಬೇರೆ. ಅಲ್ಲಿ ಕೆಳಗಿನ ಸಲಹೆಗಳು ಸಲ್ಲವು. ಅಂಥವರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು.

ಮಾತಾಡುವಾಗ ಅವರ ಕೈಯನ್ನೂ ಗಮನಿಸುತ್ತಿದ್ದೆ. ಊರಿನ ಬಸ್ಸಿನ ವಿಷಯ ಹೇಳುವಾಗ ಬೆರಳು ಮೂಗಿಗೆ ಹೋಯಿತು. ನೀರು ಕುಡಿದು ಲೋಟ ಇಟ್ಟ ಕೂಡಲೇ ಮತ್ತೆ ಹೋಯಿತು. ಏನಾಯಿತೆಂದು ಕೇಳಿದೆ. "ಅಮ್ಮ ಕೊಟ್ಟ ಮೂಗುಬೊಟ್ಟು ಮೇಡಂ. ತಿರುಪು ಸವೆದಿದೆ. ಎರಡು ಸಲ ಬಿದ್ದು ಸಿಕ್ಕಿದೆ. ಇದೆಯಾ ಅಂತ ನೋಡ್ಕೊಳ್ತಾ ಇರ್ತೀನಿ."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೊಂದು ವಿಷಯ ಮುಚ್ಚಿಟ್ಟಿದ್ದು ನಿಜ ಎಂದರು. ಮನೆ ಖರ್ಚಿನಲ್ಲಿ ಉಳಿಸಿ, ಪ್ರತಿ ತಿಂಗಳು 5ನೇ ತಾರೀಕು ಅಮ್ಮನ ಔಷಧಿಗೆಂದು 2,000 ರೂಪಾಯಿ ಕಳಿಸುತ್ತಿದ್ದರು.

ಮುಂದಿನ ಸಲ ಅವರೇ ಅದನ್ನು ಗಂಡನ ಮುಂದೆ ಹೇಳಿದರು. ಗಿರೀಶ್ ನನ್ನತ್ತ ತಿರುಗಿದರು: "ನೋಡಿದ್ರಾ ಮೇಡಂ? ನನ್ನ ಅನುಮಾನ ಸರಿಯಾಗೇ ಇತ್ತು."

ಪಟ್ಟಿ ತೆಗೆಯಿರಿ ಎಂದೆ. ಅಕ್ಟೋಬರ್ 5ರಲ್ಲಿ ಏನೂ ಬರೆದಿರಲಿಲ್ಲ. ನವೆಂಬರ್ 5ರಲ್ಲೂ ಇಲ್ಲ. ಬರೆದಿದ್ದ ದಿನಗಳಲ್ಲಿ ಅವರು ಕೇಳಿದ್ದು ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ, ಫೋನಿನಲ್ಲಿ ಯಾರು ಎಂದು. ಅವಕ್ಕೆಲ್ಲ ಸುಮಾ ಕೊಟ್ಟಿದ್ದು ನಿಜವಾದ ಉತ್ತರ. ದುಡ್ಡು ಕಳಿಸಿದ ಸಂಜೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ, "ಚಪಾತಿ ಲಟ್ಟಿಸ್ತಿದ್ದೆ, ಆವತ್ತು ಮನಸ್ಸಿಗೆ ಹಗುರ ಇರುತ್ತೆ" ಎಂದರು. ಗಿರೀಶ್ ಆ ಪಟ್ಟಿಯನ್ನೇ ಬಹಳ ಹೊತ್ತು ನೋಡುತ್ತಾ ಕೂತರು.

ನಂಬುವುದಿಲ್ಲವೇನೋ ಎಂಬ ಭಯಕ್ಕೇ ಮನುಷ್ಯ ತಡವರಿಸುತ್ತಾನೆ, ಸೆರಗು ತಿರುಚುತ್ತಾನೆ, ಬೆವರುತ್ತಾನೆ. ಆ ಭಯವನ್ನು ಅಪರಾಧವೆಂದು ಓದುವುದಕ್ಕೆ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್, ಹೆಂಡತಿಯ ಭಯವನ್ನೇ ದ್ರೋಹವೆಂದು ನಂಬಿದ ಶೇಕ್ಸ್‌ಪಿಯರ್ ನಾಟಕದ ನಾಯಕನ ನೆನಪಲ್ಲಿ, 'ಒಥೆಲೊ ತಪ್ಪು' ಎಂದು ಹೆಸರಿಟ್ಟರು. ಗಿರೀಶ್ ದಿಟ್ಟಿಸಿದಷ್ಟೂ ಸುಮಾ ಕುಗ್ಗಿದರು. ಕುಗ್ಗಿದಷ್ಟೂ ಪಟ್ಟಿ ಬೆಳೆಯಿತು.

ನಾನು ಕೊಟ್ಟ ಸಲಹೆ ಇಷ್ಟು. ಪಟ್ಟಿಯ ಪ್ರತಿ ಸಾಲಿನ ಪಕ್ಕ, ಅದಕ್ಕೆ ಬೇರೆ ಏನು ಕಾರಣ ಇರಬಹುದೆಂದು ಗಿರೀಶ್ ಮೂರು ಬರೆಯಬೇಕು. ಚಳಿ, ಸುಸ್ತು, ಮುಟ್ಟಿನ ನೋವು, ಏನಾದರೂ ಸರಿ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಅವರ ಅಜ್ಜಿಯೂ ಹೇಳಿರುತ್ತಾರೆ. ಬದಲಾವಣೆ ಕಂಡಿತು ಎನ್ನಬೇಕಾದರೆ ಸುಮಾ ನಿರಾಳವಾಗಿದ್ದಾಗ, ತಂಗಿಯ ಜೊತೆ ಫೋನಿನಲ್ಲಿ ಹರಟುವಾಗ ಹೇಗಿರುತ್ತಾರೆಂದು ಮೊದಲು ಗೊತ್ತಿರಬೇಕು. ಕೇಳುವುದಾದರೆ ಕಂಡದ್ದನ್ನಷ್ಟೇ ಹೇಳಿ ಕೇಳಬೇಕು. "ಯಾಕೆ ಕಣ್ಣು ತಪ್ಪಿಸ್ತೀಯ?" ಎನ್ನುವುದರಲ್ಲಿ ತೀರ್ಪು ಆಗಲೇ ಬಂದುಬಿಟ್ಟಿದೆ. "ಸಪ್ಪಗಿದೀಯ, ಏನಾಯ್ತು?" ಎಂದರೆ ಉತ್ತರಕ್ಕೆ ಜಾಗ ಸಿಗುತ್ತದೆ.

ಕೊನೆಯದಾಗಿ ಗಿರೀಶ್ ಅವರ ಮೈಯನ್ನೇ ನೋಡಿಕೊಳ್ಳಲು ಹೇಳಿದೆ. ಅವರು ಮಾತಿಗೆ ಶುರುಮಾಡುತ್ತಿದ್ದದ್ದು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, ಸೊಂಟದ ಮೇಲೆ ಕೈಯಿಟ್ಟು. ಒಳಗಿದ್ದವರಿಗೆ ಆಚೆ ಬರಲು ದಾರಿಯಿಲ್ಲ. ಎದುರಾ ಬದುರಾ ಬೇಡ, ಪಕ್ಕದಲ್ಲಿ ಕೂತು, ಕೈಗೊಂದು ಕೆಲಸ ಇಟ್ಟುಕೊಂಡು ಮಾತಾಡಿ ಎಂದೆ. ಅವರೆಕಾಯಿ ಕಾಲ. ಮೊರ ಮುಂದಿಟ್ಟುಕೊಂಡು ಅಕ್ಕಪಕ್ಕ ಕೂತು ಕಾಳು ಹಿಚುಕುತ್ತಾ ಮಾತಾಡಲು ಶುರುಮಾಡಿದರು.

ಸುಮಾಗೆ ಹೇಳಿದ್ದು ಒಂದೇ: ಹೇಳಲು ಭಯವಾದರೆ, ಭಯವಾಗುತ್ತಿದೆ ಎಂಬುದನ್ನೇ ಮೊದಲು ಹೇಳಿ. ಮೌನವನ್ನು ಅವರೇ ಅರ್ಥ ಮಾಡಿಕೊಳ್ಳಲಿ ಎಂದು ಬಿಡಬೇಡಿ.

ನಾಲ್ಕನೇ ಸಲ ಬಂದಾಗ ಸುಮಾ ಮಾತಿನ ನಡುವೆ ಮೂಗು ಮುಟ್ಟಿಕೊಂಡರು. ಗಿರೀಶ್ ಬಗ್ಗಿ ನೋಡಿ, "ಮತ್ತೆ ಸಡಿಲ ಆಯ್ತಾ? ಭಾನುವಾರ ಆಚಾರ್ರ ಹತ್ರ ಹೋಗೋಣ" ಎಂದರು. 2,000 ರೂಪಾಯಿ ಈಗ ಗಿರೀಶ್ ಅವರ ಖಾತೆಯಿಂದಲೇ ಹೋಗುತ್ತಿದೆ. ಗಿರೀಶ್ ಅವರ ತಾಯಿಗೆ ಮಾತ್ರ ಇದಿನ್ನೂ ಗೊತ್ತಿಲ್ಲ. ಅವರಿಗೆ ಯಾರು, ಹೇಗೆ ಹೇಳಬೇಕೆಂದು ಮಾತಾಡಲು ಮುಂದಿನ ತಿಂಗಳು ಬರುತ್ತೇವೆ ಎಂದಿದ್ದಾರೆ.