ಪುಣೆಯಲ್ಲಿ ಇಳಕಲ್ ಮಾರಹೊರಟ ತಂಗಿಗೆ

ತಂಗೀ, ನೀನು ಬರೆದದ್ದನ್ನು ಮೂರು ಸಲ ಓದಿದೆ. ಬಾಗಲಕೋಟೆ ಕಡೆಯ ಹುಡುಗಿ, ಮದುವೆಯಾಗಿ ಹಿಂಜವಡಿಗೆ ಬಂದು ನಾಲ್ಕು ತಿಂಗಳು. ಇಳಕಲ್ ಸೀರೆ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ತರಿಸಿ ಮಾರಬೇಕು ಅಂತ ಆಸೆ. "ಅಕ್ಕಾ, ಅಂಗಡಿ ಹೆಸರು ಕನ್ನಡದಲ್ಲೇ ಇಡಲಾ? ಮರಾಠಿ ಬರದೆ ನಡೆಯುತ್ತಾ? ಬಾಡಿಗೆ, ಲೈಸೆನ್ಸ್ ಹೇಗೆ? ನಮ್ಮತನ ಬಿಡದೆ ಇಲ್ಲಿ ವ್ಯಾಪಾರ ಮಾಡಬಹುದಾ?" ಅಂತ ಕೇಳಿದ್ದೀಯ. ಕೊನೆಯದೊಂದನ್ನು ಬಿಟ್ಟರೆ ಉಳಿದವು ಸುಲಭ.

ನಾನು ಸ್ವಾರಗೇಟಿನಲ್ಲಿ ಬಸ್ಸಿಳಿದದ್ದು 1996ರ ಜೂನ್‌ನಲ್ಲಿ. ಜೋರು ಮಳೆ. ಒಂದು ಟ್ರಂಕು, ಒಂದು ಕಟ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಒದ್ದೆಯಾಯಿತು ಅಂತ ಬಸ್ ಸ್ಟ್ಯಾಂಡಿನಲ್ಲೇ ಅತ್ತಿದ್ದೆ, ಈಗ ನಗು ಬರುತ್ತದೆ. ಸದಾಶಿವ ಪೇಠೆಯ ಹಳೆಯ ವಾಡೆಯಲ್ಲಿ, ಅಂದರೆ ಹಲವು ಸಂಸಾರ ಇರುವ ದೊಡ್ಡ ಮನೆಯಲ್ಲಿ, ಒಂದೇ ಖೋಲಿ. ಆರು ತಿಂಗಳು ಯಾರ ಜೊತೆಗೂ ಸರಿಯಾಗಿ ಮಾತಿಲ್ಲ.

ಸಂಕ್ರಾಂತಿಗೆ ವಾಡೆಯಲ್ಲಿ ಹಳದಿ ಕುಂಕು, ಅಂದರೆ ಅರಿಶಿನ ಕುಂಕುಮ, ಇಟ್ಟುಕೊಂಡು ನನ್ನನ್ನೂ ಕರೆದರು. ನನ್ನ ಹತ್ತಿರ ಇದ್ದ ಒಳ್ಳೆಯ ಸೀರೆ ಅವ್ವ ಕೊಟ್ಟ ಚಂದ್ರಕಾಳಿ ಒಂದೇ. ಕಪ್ಪು ಮೈ, ಕೆಂಪು ಸೆರಗು. ಇಲ್ಲಿ ಸಂಕ್ರಾಂತಿಗೆ ಕಪ್ಪೇ ಉಡುತ್ತಾರೆ ಅಂತ ನನಗೆಲ್ಲಿ ಗೊತ್ತು? ಹೆಂಗಸರೆಲ್ಲ ಬಂದು ಸೆರಗು ಹಿಡಿದು ನೋಡಿದರು. "ಇರಕಲ್! ಕುಠೂನ್ ಆಣಲೀ?" ಎಲ್ಲಿಂದ ತಂದೆ ಅಂತ. ಅವರ ಇರಕಲ್ ಅಂದರೆ ನಮ್ಮ ಇಳಕಲ್. ಖಣ ಇಬ್ಬರಿಗೂ ಖಣವೇ. ನಾವು ಉಡಿ ತುಂಬುತ್ತೇವೆ, ಅವರು ಓಟಿ ಭರತಾರೆ. ನನ್ನ ಹೆಸರು ಕೇಳುವ ಮೊದಲೇ ಅವರಿಗೆ ನನ್ನ ಸೀರೆಯ ಗುರುತು ಹತ್ತಿತ್ತು. ಆ ದಿನವೇ ಆರು ಸೀರೆ ತರಿಸಿಕೊಡು ಅಂದರು. ನನ್ನ ವ್ಯಾಪಾರ ಶುರುವಾದದ್ದು ಹಾಗೆ.

ಅದಕ್ಕೇ ಹೇಳುತ್ತೇನೆ, ನಮ್ಮ ಸೀರೆಯನ್ನು ಪುಣೆಗೆ ಪರಿಚಯ ಮಾಡಿಸುತ್ತೇನೆ ಅನ್ನುವ ಮಾತು ಬಿಡು. ಇಲ್ಲಿನ ಅಜ್ಜಿಯರಿಗೆ ಅದು ನಿನಗಿಂತ ಜಾಸ್ತಿ ಗೊತ್ತು.

ಮರಾಠಿ ಕಲಿ, ಆರು ತಿಂಗಳು ಸಾಕು. ತಪ್ಪು ಮಾತಾಡಿದರೂ ಪರವಾಗಿಲ್ಲ, ಪುಣೆಯವರಿಗೆ ತಿದ್ದುವುದೆಂದರೆ ಬಲು ಇಷ್ಟ. ಬೋರ್ಡಿನ ಮೇಲೆ ಹೆಸರು ಮರಾಠಿಯಲ್ಲಿ, ದೇವನಾಗರಿ ಅಕ್ಷರದಲ್ಲಿ ಇರಲೇಬೇಕು. 2022ರಿಂದ ಸಣ್ಣ ಅಂಗಡಿಗೂ ಆ ಕಾನೂನು ಬಂದಿದೆ, 2023ರಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳೊಳಗೆ ಹಾಕಿ ಅಂದಿತು. ಕನ್ನಡದಲ್ಲೂ ಬರೆಸಬಹುದು, ಆದರೆ ಮರಾಠಿ ಅಕ್ಷರ ಅದಕ್ಕಿಂತ ಸಣ್ಣದಿರಬಾರದು. ನಾನು ಮೇಲೆ ಮರಾಠಿಯಲ್ಲಿ ಇರಕಲ್ ಅಂತ, ಕೆಳಗೆ ಕನ್ನಡದಲ್ಲಿ ಇಳಕಲ್ ಅಂತ ಬರೆಸಿದ್ದೇನೆ. ಕನ್ನಡದವರು ಯಾರಾದರೂ ನಿಂತು ಓದುತ್ತಾರೆ, ಒಳಗೆ ಬರುತ್ತಾರೆ, ಯಾವ ಊರು ಅಂತ ಕೇಳುತ್ತಾರೆ, ಸೀರೆ ಕೊಳ್ಳದೆ ಹೋಗುತ್ತಾರೆ. ಆದರೂ ಆ ಅಕ್ಷರ ತೆಗೆಸುವುದಿಲ್ಲ.

ಗುಮಾಸ್ತಾ ಅಂತಾರಲ್ಲ, ಅಂಗಡಿಯ ನೋಂದಣಿ, ಅದಕ್ಕೆ ಒಬ್ಬಿಬ್ಬರು ಕೆಲಸದವರಿರುವ ಅಂಗಡಿಯಾದರೆ ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟರೆ ಆಯಿತು. ಸೀರೆ ಬಟ್ಟೆ ಅಷ್ಟೇ ಮಾರುವವರಿಗೆ, ಅದೂ ರಾಜ್ಯದೊಳಗೇ ಮಾರಿದರೆ, ವರ್ಷದ ವಹಿವಾಟು 40 ಲಕ್ಷ ದಾಟುವತನಕ ಜಿಎಸ್‌ಟಿ ನಂಬರು ಬೇಡ. ಹೊರರಾಜ್ಯಕ್ಕೆ ಕಳಿಸುವುದಿದ್ದರೆ ಸಿಎ ಒಬ್ಬರನ್ನು ಕೇಳು. ಲಕ್ಷ್ಮೀ ರೋಡಿನ ಬಾಡಿಗೆಯ ಸುದ್ದಿಗೇ ಹೋಗಬೇಡ, ಎರಡು ವರ್ಷ ಮನೆಯಿಂದಲೇ ಮಾರು. ಉದ್ರಿ ಕೊಡಬೇಡ. ನೆಂಟರಿಗಂತೂ ಬೇಡವೇ ಬೇಡ.

ಇನ್ನು ನಮ್ಮತನದ ಮಾತು. ಚೀಲದ ಮೇಲೆ ಕಸೂತಿ ಗೋಪುರ, ಕಾರ್ಡಿನ ಮೇಲೆ ಬಾದಾಮಿ ಗುಡಿ, ವಿಡಿಯೋದಲ್ಲಿ ನಮ್ಮ ಕಡೆಯ ಮಾತು ಅಂತೆಲ್ಲ ಬರೆದಿದ್ದೀಯ. ಚೆಂದ. ನಾನೂ ಗೋಡೆಗೆ ಕಸೂತಿ ಹಾಕಿಸಿದ್ದೆ, ಬಂದವರಿಗೆ ಕರದಂಟು ಕೊಡುತ್ತಿದ್ದೆ. ಅದೆಲ್ಲ ಇಟ್ಟುಕೊಂಡೇ ಸುಳ್ಳು ಸೀರೆ ಮಾರಿದೆ.

2008ರ ದೀಪಾವಳಿ ಮುಗಿದಿತ್ತು. ಒಬ್ಬ ದೊಡ್ಡ ವ್ಯಾಪಾರಿ ಸಂಕ್ರಾಂತಿಯೊಳಗೆ ಅರವತ್ತು ಇರಕಲ್ ಬೇಕು ಅಂದ. ನನಗೆ ಸೀರೆ ನೇಯ್ದು ಕೊಡುತ್ತಿದ್ದವರು ಊರ ಕಡೆಯ ಒಬ್ಬ ಕಾಕಾ. ಸ್ವಂತ ಕಾಕಾ ಅಲ್ಲ, ಆದರೆ ನನ್ನ ಮದುವೆಯ ಸೀರೆಯೂ ಅವರ ಮಗ್ಗದ್ದೇ. ಮನೆಮಂದಿಯೆಲ್ಲ ಸೇರಿ ದುಡಿದರೂ ತಿಂಗಳಿಗೆ ಐದಾರು ಸೀರೆ. ಕೊಂಡಿ ಅಂದರೆ ಏನು ಅಂತ ನಿನಗೆ ಹೇಳಬೇಕಾಗಿಲ್ಲ. ಮೈಯ ಹಾಸಿನ ಉದ್ದೆಳೆಗಳಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸಬೇಕು. ಒಂದೊಂದು ಸೀರೆಗೂ ಬೇರೆ ಹಾಸು. ಹತ್ತು ಸೀರೆಯ ಹಾಸು ಒಟ್ಟಿಗೆ ಏರಿಸಿದರೆ ಹೀಗೆ ಕೊಂಡಿ ಹಾಕಿ ಸೇರಿಸುವ ಟೋಪ್ ತೆನಿ ಸೆರಗು ಬರುವುದಿಲ್ಲ. ಅವಸರ ಮಾಡುವ ಕೆಲಸವೇ ಅಲ್ಲ ಅದು.

ನಾನು ಅವಸರ ಮಾಡಿದೆ. ಪವರ್‌ಲೂಮಿನ ಸೀರೆ ತರಿಸಿದೆ, ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕವು. ಅದೇ ಬಣ್ಣ, ಅಂಚಿನಲ್ಲಿ ಅದೇ ಗೋಮಿ ದಡಿ, ಸೆರಗಿನಲ್ಲಿ ಕೆಂಪು ಮೂರು ಪಟ್ಟಿ, ನಡುವೆ ಬಿಳಿ ಎರಡು. ಕೊಂಡಿ ಮಾತ್ರ ಇಲ್ಲ. ವ್ಯಾಪಾರಿಗೂ ಅದು ಗೊತ್ತಿತ್ತು, ಅವನಿಗೆ ಬೇಕಾದದ್ದೂ ಅದೇ. ಅಲ್ಲಿಗೆ ನಿಂತಿದ್ದರೆ ನನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ. ಪವರ್‌ಲೂಮ್ ಅಂತ ಹೇಳಿ ಪವರ್‌ಲೂಮ್ ಮಾರುವುದು ತಪ್ಪಲ್ಲ, ಅದೂ ಒಬ್ಬರ ಹೊಟ್ಟೆಪಾಡು. ನಾನು ಉಳಿದ ಸೀರೆಗಳನ್ನು ಮನೆಯಲ್ಲಿ ಕಾಕಾನ ಸೀರೆಗಳ ಸಂದಿಯಲ್ಲಿ ಇಟ್ಟೆ. ಬೆಲೆ ಒಂದೇ ಹೇಳಿದೆ.

ಆ ಮೊದಲ ಹಳದಿ ಕುಂಕಿನ ಕಾಕೂ ಒಬ್ಬರು ಬಂದರು, ಹಿರಿಯ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಸೊಸೆಗೆ ಅಂತ ಒಂದು ತೆಗೆದರು. ಸೀರೆ ತಿರುವಿ ಹಾಕಿ, ಮೈ ಸೆರಗು ಸೇರುವ ಜಾಗದಲ್ಲಿ ಉಗುರು ಆಡಿಸಿದರು. ಎರಡು ಸಲ ಆಡಿಸಿದರು. ಆಮೇಲೆ "ಹೀ ತುಮಚೀಚ್ ಕಾ?" ಅಂದರು. ಇದು ನಿಮ್ಮದೇನಾ ಅಂತ. ನಾನು ಹೂಂ ಅಂದೆ. ಅವರು ಪೂರ್ತಿ ದುಡ್ಡು ಎಣಿಸಿ ಕೊಟ್ಟು ಸೀರೆ ತೆಗೆದುಕೊಂಡು ಹೋದರು. ಮತ್ತೆ ಬರಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಮರೆಯುತ್ತಿದ್ದೆನೇನೋ.

ಅದಕ್ಕಿಂತ ದೊಡ್ಡದು ಇನ್ನೊಂದು. ಆ ವರ್ಷ ಕಾಕಾಗೆ ಫೋನು ಮಾಡಿ, "ಈ ಸಲ ಸ್ವಲ್ಪ ತಡೀರಿ, ಮಾಲು ಜಾಸ್ತಿ ಆಗೇದ" ಅಂದಿದ್ದೆ. ಆಗಲವ್ವಾ ಅಂದರು. ಮುಂದಿನ ವರ್ಷವೂ ಅದನ್ನೇ ಅಂದೆ, ಅವರೂ ಆಗಲವ್ವಾ ಅಂದರು. 2010ರಲ್ಲಿ ಬುದ್ಧಿ ಬಂದು, ಮುಂಗಡ ಹಣ ತೆಗೆದುಕೊಂಡು ನಾನೇ ಹೋದೆ. ಮಗ್ಗದ ಕುಣಿ ಮುಚ್ಚಿ ಮೇಲೆ ಶಹಾಬಾದ್ ಪರಸಿ ಹಾಕಿದ್ದರು. ಅದರ ಮೇಲೆ ಜೋಳದ ಚೀಲ. ಮಗ ಗ್ರಾನೈಟ್ ಕ್ವಾರಿಗೆ ಹೋಗುತ್ತಿದ್ದ. ಕಾಕಾ ಒಂದು ಮಾತು ಅನ್ನಲಿಲ್ಲ. ಚಹಾ ಕುಡಿಸಿದರು, ಪುಣೆಯಲ್ಲಿ ಮಳೆ ಹೇಗೆ ಅಂತ ಕೇಳಿದರು, ಮಗ್ಗ ಇನ್ನೂ ನಡೆಸುವ ಬೇರೊಬ್ಬರ ಮನೆಯನ್ನು ತಾವೇ ಬಂದು ತೋರಿಸಿದರು. ಈಗಲೂ ನಾನು ತರಿಸುವುದು ಆ ಮನೆಯಿಂದಲೇ.

ಈಗ ನನ್ನ ಅಂಗಡಿಯಲ್ಲಿ ಎರಡೂ ಇವೆ. ಎಡಗಡೆ ಮಗ್ಗದ್ದು, ಬಲಗಡೆ ಪವರ್‌ಲೂಮ್, ಚೀಟಿ ಅಂಟಿಸಿದ್ದೇನೆ. ಬಲಗಡೆಯದೇ ಜಾಸ್ತಿ ಖರ್ಚಾಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಮಗ್ಗದ ಸೀರೆಗೆ ನೇಯ್ದವರ ಹೆಸರು ಬರೆದು ಕೊಡುತ್ತೇನೆ. ಗೋಡೆಯ ಕಸೂತಿ ಮಾಸಿತು, ಮತ್ತೆ ಹಾಕಿಸಲಿಲ್ಲ.

ಮೊದಲ ಸಲಕ್ಕೆ ಹನ್ನೆರಡು ಸೀರೆ ತರಿಸಿದ್ದೇನೆ ಅಂದೆಯಲ್ಲ, ಅವನ್ನು ತೆಗೆದುಕೊಂಡು ಒಂದು ದಿನ ಬಾ. ಒಂದೊಂದನ್ನೂ ಯಾರು ನೇಯ್ದದ್ದು ಅಂತ ಊರಿಗೆ ಫೋನು ಮಾಡಿ ಕೇಳಿಕೊಂಡು ಬಾ. ಹೇಳಲಿಲ್ಲ ಅಂದರೆ ಅದು ಬಲಗಡೆಯ ಸೀರೆ. ಬರುವಾಗ ರೊಟ್ಟಿ ಇದ್ದರೆ ಎರಡು ಕಟ್ಟಿಕೊಂಡು ಬಾ, ಇಲ್ಲಿಯ ಭಾಕರಿ ತಿಂದು ತಿಂದು ಸಾಕಾಗಿದೆ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚಿರುತ್ತದೆ. ಏನು ಮಾಡಲಿ, ಅಷ್ಟರಮಟ್ಟಿಗೆ ಪುಣೆಯವಳೇ ಆಗಿದ್ದೇನೆ.